ಸಾಲದ ಲಗಾಮು ಯಾರ ಕೈಯಲ್ಲಿರಬೇಕು? ಒಕ್ಕೂಟ ದೇಶಗಳು ಹಿಡಿದ ಐದು ದಾರಿಗಳ ಹೋಲಿಕೆ

ರಾಜ್ಯಗಳ ಸಾಲದ ಮಾತು ಬಂದಾಗಲೆಲ್ಲ ಎರಡು ದನಿಗಳು ಜೋರಾಗಿ ಕೇಳಿಸುತ್ತವೆ. ‘ರಾಜ್ಯಗಳನ್ನು ಹೀಗೇ ಬಿಟ್ಟರೆ ದೇಶವೇ ದಿವಾಳಿಯಾಗುತ್ತದೆ, ಕೇಂದ್ರ ಬಿಗಿ ಹಿಡಿಯಬೇಕು’ ಎಂಬುದು ಒಂದು. ‘ನಾವು ಮತ ಹಾಕಿ ತಂದ ಸರ್ಕಾರ ಎಷ್ಟು ಸಾಲ ಎತ್ತಬೇಕೆಂದು ಹೇಳಲು ಇನ್ನೊಂದು ಸರ್ಕಾರ ಯಾರು’ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಹಾಗಾಗಿಯೇ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಕೇಳುವವರು ಹೆಚ್ಚಾಗಿದ್ದಾರೆ: ಮಾರುಕಟ್ಟೆಗೆ ಬಿಡುವುದೋ, ಕಾನೂನಿನಿಂದ ಕಟ್ಟುವುದೋ, ಸಂವಿಧಾನದಲ್ಲೇ ಬರೆಯುವುದೋ, ಕೇಂದ್ರದ ಅನುಮತಿ ಬೇಕೆನ್ನುವುದೋ? ಇವೆಲ್ಲವನ್ನೂ ಒಂದಲ್ಲ ಒಂದು ದೇಶ ಮಾಡಿ ನೋಡಿದೆ. ಫಲ ಏನಾಯಿತೆಂಬುದು ಇತಿಹಾಸದಲ್ಲಿ ದಾಖಲಾಗಿದೆ.

ಒಂದೇ ಸರ್ಕಾರವಿರುವ ದೇಶದಲ್ಲಿ ಈ ಪ್ರಶ್ನೆ ಇಷ್ಟು ತೊಡಕಿನದಲ್ಲ. ಖಜಾನೆ ಒಂದು, ಸಾಲದ ಲೆಕ್ಕ ಒಂದು, ಚುನಾವಣೆಯಲ್ಲಿ ಉತ್ತರ ಕೊಡಬೇಕಾದವರೂ ಒಬ್ಬರೇ. ಒಕ್ಕೂಟದಲ್ಲಿ ತೆರಿಗೆಯ ದೊಡ್ಡ ಪಾಲನ್ನು ಒಂದು ಸರ್ಕಾರ ವಸೂಲು ಮಾಡುತ್ತದೆ, ಶಾಲೆ, ಆಸ್ಪತ್ರೆ, ಪೊಲೀಸ್, ನೀರಾವರಿಗಳ ಖರ್ಚನ್ನು ಇನ್ನೊಂದು ಸರ್ಕಾರ ಹೊರುತ್ತದೆ. ಖರ್ಚು ಮಾಡಿದ ಶ್ರೇಯ ಒಬ್ಬರಿಗೆ, ತೆರಿಗೆ ಹಾಕಿದ ನಿಂದೆ ಇನ್ನೊಬ್ಬರಿಗೆ. ಕೊರತೆ ಬೆಳೆಯುವುದು ಈ ಸಂದಿನಲ್ಲಿ.

ಅಳೆಯುವುದು ಹೇಗೆ?

ದಾರಿಗಳನ್ನು ನೋಡುವ ಮೊದಲು ಅಳತೆಗೋಲು ಗೊತ್ತಾಗಬೇಕು. ನಾನು ಐದು ಪ್ರಶ್ನೆಗಳನ್ನು ಇಟ್ಟುಕೊಳ್ಳುತ್ತೇನೆ.

ಮೊದಲನೆಯದು, ಒಂದು ರಾಜ್ಯ ಸಾಲ ತೀರಿಸಲಾಗದೆ ಕೈಚೆಲ್ಲಿದರೆ ಕಟ್ಟುವವರು ಯಾರು? ಎರಡನೆಯದು, ಬರ, ಹಿಂಜರಿತ, ಸಾಂಕ್ರಾಮಿಕದಂತಹ ಕೆಟ್ಟ ವರ್ಷದಲ್ಲಿ ತೆರಿಗೆ ಕುಸಿದಾಗ ಉಸಿರಾಡಲು ಜಾಗ ಇದೆಯೇ? ಮೂರನೆಯದು, ಮಿತಿ ದಾಟುವಾಗ ಕತ್ತರಿ ಬೀಳುವುದು ಎಲ್ಲಿಗೆ? ಸಂಬಳ, ಪಿಂಚಣಿ, ಬಡ್ಡಿಗಳನ್ನು ಮುಟ್ಟಲಾಗದು. ಹಾಗಾಗಿ ರಸ್ತೆ, ಕಾಲುವೆ, ಶಾಲಾ ಕಟ್ಟಡಗಳ ಬಂಡವಾಳ ವೆಚ್ಚಕ್ಕೇ ಮೊದಲ ಏಟು ಬೀಳುತ್ತದೆ. ನಾಲ್ಕನೆಯದು, ಕಳ್ಳದಾರಿ ಎಷ್ಟು ಸುಲಭ? ನಿಗಮದ ಹೆಸರಿನಲ್ಲಿ ಸಾಲ ಎತ್ತಿಸುವುದು, ಗುತ್ತಿಗೆದಾರರ ಬಿಲ್ ತಡೆಹಿಡಿಯುವುದು, ಪಿಂಚಣಿಯ ಹೊಣೆಯನ್ನು ಮುಂದೂಡುವುದು, ಇವೆಲ್ಲ ಕೊರತೆಯ ಅಂಕಿಯಲ್ಲಿ ಕಾಣಿಸುವುದಿಲ್ಲ. ಐದನೆಯದು, ತಪ್ಪಿದಾಗ ಮತದಾರ ಯಾರನ್ನು ಹಿಡಿದು ಕೇಳಬೇಕೆಂಬುದು ಸ್ಪಷ್ಟವಾಗಿದೆಯೇ?

ಈ ಐದರಲ್ಲಿ ಮೊದಲನೆಯದಕ್ಕೆ ಉಳಿದ ನಾಲ್ಕೂ ಸೇರಿದಷ್ಟು ತೂಕ ಕೊಡುತ್ತೇನೆ. ಸಾಲಗಾರನ ಹಿಂದೆ ಸ್ಥಿತಿವಂತ ಜಾಮೀನುದಾರ ನಿಂತಿದ್ದರೆ ಸಾಲ ಕೊಡುವವರು ಸಾಲಗಾರನ ಮುಖ ನೋಡುವುದಿಲ್ಲ, ಜಾಮೀನುದಾರನ ಮುಖ ನೋಡುತ್ತಾರೆ. ಕೇಂದ್ರ ಕೊನೆಗೆ ಕಟ್ಟಿಯೇ ಕಟ್ಟುತ್ತದೆ ಎಂದು ಎಲ್ಲರೂ ನಂಬಿರುವ ದೇಶದಲ್ಲಿ ಎಂತಹ ಕಾಯ್ದೆ ಬರೆದರೂ ಅದು ಅರ್ಧ ಜೀವದ ಕಾಯ್ದೆ.

ಇನ್ನೊಂದು ಮಾತನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಸಾಲವೆಲ್ಲ ಒಂದೇ ಅಲ್ಲ. ಮೂವತ್ತು ವರ್ಷ ನೀರು ಹರಿಸುವ ಕಾಲುವೆಗೆ ಎತ್ತಿದ ಸಾಲವನ್ನು ಆ ನೀರು ಬಳಸುವವರು ತೀರಿಸುವುದರಲ್ಲಿ ನ್ಯಾಯವಿದೆ. ಈ ತಿಂಗಳ ಸಂಬಳಕ್ಕೆ ಎತ್ತಿದ ಸಾಲವನ್ನು ಮಕ್ಕಳು ತೀರಿಸುವುದರಲ್ಲಿ ನ್ಯಾಯವಿಲ್ಲ. ಒಟ್ಟು ಸಾಲದ ಅಗತ್ಯವನ್ನು ಹೇಳುವ ವಿತ್ತೀಯ ಕೊರತೆಗಿಂತ, ದಿನನಿತ್ಯದ ಖರ್ಚಿಗೂ ವರಮಾನ ಸಾಲದೆ ಹೋದದ್ದನ್ನು ಹೇಳುವ ರಾಜಸ್ವ ಕೊರತೆಯೇ ರಾಜ್ಯದ ಆರೋಗ್ಯವನ್ನು ಹೆಚ್ಚು ಪ್ರಾಮಾಣಿಕವಾಗಿ ತೋರಿಸುತ್ತದೆ.

ಮಾರುಕಟ್ಟೆಗೆ ಬಿಡುವ ದಾರಿ

ಕೆನಡಾದ ಪ್ರಾಂತ್ಯಗಳು ಸಾಲ ಎತ್ತಲು ಕೇಂದ್ರವನ್ನು ಕೇಳಬೇಕಿಲ್ಲ. ಅವುಗಳ ಸಾಲಪತ್ರ, ಅಂದರೆ ಬಾಂಡ್, ಕೊಳ್ಳುವವರು ಆಯಾ ಪ್ರಾಂತ್ಯದ ಲೆಕ್ಕ ನೋಡಿ ಬಡ್ಡಿ ಕೇಳುತ್ತಾರೆ. ಲೆಕ್ಕ ಕೆಟ್ಟರೆ ಬಡ್ಡಿ ಏರುತ್ತದೆ, ಬಡ್ಡಿ ಏರಿದರೆ ಸರ್ಕಾರ ಎಚ್ಚರಗೊಳ್ಳಬೇಕು. 1936ರಲ್ಲಿ ಆಲ್ಬರ್ಟಾ ಪ್ರಾಂತ್ಯ ಸಾಲದ ಕಂತು ತಪ್ಪಿಸಿದ್ದೂ ಉಂಟು.

ಈ ದಾರಿಗೆ ತಳಹದಿ ಹಾಕಿಕೊಟ್ಟ ದೊಡ್ಡ ಪಾಠ ಅಮೆರಿಕದ್ದು. 1790ರಲ್ಲಿ ಹಣಕಾಸು ಮುಖ್ಯಸ್ಥ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರಾಜ್ಯಗಳ ಯುದ್ಧಕಾಲದ ಸಾಲವನ್ನು ಕೇಂದ್ರದ ಹೆಗಲಿಗೆ ತಂದರು. ಅರ್ಧ ಶತಮಾನದ ನಂತರ ಕಾಲುವೆ, ಬ್ಯಾಂಕ್‌ಗಳಿಗೆಂದು ಮಿತಿಮೀರಿ ಸಾಲ ಮಾಡಿದ ರಾಜ್ಯಗಳು ಮತ್ತೆ ಅದೇ ಕೃಪೆಯನ್ನು ನಿರೀಕ್ಷಿಸಿದವು. 1841 ಮತ್ತು 1843ರ ನಡುವೆ ಎಂಟು ರಾಜ್ಯಗಳು ಮತ್ತು ಫ್ಲೋರಿಡಾ ಪ್ರದೇಶ ಸಾಲ ಕಟ್ಟಲಾಗದೆ ನಿಂತಾಗ ಸಂಸತ್ತು ಕೈಹಿಡಿಯಲಿಲ್ಲ. ಆ ನಿರಾಕರಣೆಯ ನೋವಿನಲ್ಲೇ ಒಂದಾದ ಮೇಲೊಂದು ರಾಜ್ಯ ತನ್ನ ಸಂವಿಧಾನದಲ್ಲಿ ಸಾಲಕ್ಕೆ ತಾನೇ ಮಿತಿ ಬರೆದುಕೊಂಡಿತು. ಸ್ವಿಟ್ಜರ್‌ಲೆಂಡ್‌ನಲ್ಲೂ ಇಂಥದ್ದೇ ಒಂದು ತಿರುವು ಬಂತು. ಲ್ಯೂಕರ್‌ಬಾದ್ ಎಂಬ ಪುಟ್ಟ ಊರಿನ ಸ್ಥಳೀಯ ಆಡಳಿತ 1998ರಲ್ಲಿ ಸಾಲದಲ್ಲಿ ಮುಳುಗಿತು. ಅದರ ಸಾಲಕ್ಕೆ ಕ್ಯಾಂಟನ್ (ಅಲ್ಲಿ ರಾಜ್ಯಕ್ಕಿರುವ ಹೆಸರು) ಹೊಣೆಯಲ್ಲ ಎಂದು ದೇಶದ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಹೇಳಿತು. ಕಣ್ಣುಮುಚ್ಚಿ ಸಾಲ ಕೊಟ್ಟವರೇ ನಷ್ಟ ಹೊತ್ತರು.

ಹೊಣೆಯ ಸ್ಪಷ್ಟತೆಯಲ್ಲಿ ಈ ದಾರಿಗೆ ಸಾಟಿಯಿಲ್ಲ. ಆದರೆ ಎರಡು ಕಡೆ ಇದು ಸೋಲುತ್ತದೆ. ಮಾರುಕಟ್ಟೆ ಬಹಳ ಕಾಲ ಸುಮ್ಮನಿದ್ದು ಒಮ್ಮೆಗೇ ಬಾಗಿಲು ಹಾಕುತ್ತದೆ. 2020ರ ಮಾರ್ಚ್‌ನಲ್ಲಿ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯಕ್ಕೆ ಸಾಲವೇ ಹುಟ್ಟದಂತಾಯಿತು, ಅದರ ಮುಖ್ಯಸ್ಥರು ಪ್ರಧಾನಿಗೆ ಪತ್ರ ಬರೆಯಬೇಕಾಯಿತು. ಕೊನೆಗೆ ಕೆನಡಾದ ಕೇಂದ್ರೀಯ ಬ್ಯಾಂಕ್ ಪ್ರಾಂತ್ಯಗಳ ಸಾಲಪತ್ರ ಕೊಳ್ಳಲು ಮುಂದಾಯಿತು. ಅಂದರೆ ಕೇಂದ್ರದ ಕೈ ಅಲ್ಲಿಯೂ ಪೂರ್ತಿ ದೂರವಿಲ್ಲ.

ಎರಡನೆಯ ಸೋಲು ಇನ್ನೂ ಆಳವಾದದ್ದು. ಕೆನಡಾದ ಪ್ರಾಂತ್ಯಗಳಿಗೆ ಆದಾಯ ತೆರಿಗೆ, ಮಾರಾಟ ತೆರಿಗೆ, ಖನಿಜಗಳ ರಾಜಧನ ಎಲ್ಲವೂ ಸ್ವಂತದ್ದಾಗಿವೆ. ಬಡ್ಡಿ ಏರಿದರೆ ತೆರಿಗೆ ಏರಿಸಿ ತಿದ್ದಿಕೊಳ್ಳುವ ಶಕ್ತಿ ಅವಕ್ಕಿದೆ. ಆ ಶಕ್ತಿಯಿಲ್ಲದ ರಾಜ್ಯವನ್ನು ಮಾರುಕಟ್ಟೆಗೆ ನೂಕಿದರೆ ಏನಾಗುತ್ತದೆಂದು ಅರ್ಜೆಂಟೀನಾ ತೋರಿಸಿತು. ಅಲ್ಲಿನ ಪ್ರಾಂತ್ಯಗಳು 1990ರ ದಶಕದಲ್ಲಿ ಕೇಂದ್ರದಿಂದ ಮುಂದೆ ಬರಬೇಕಾದ ತೆರಿಗೆ ಪಾಲನ್ನೇ ಒತ್ತೆಯಿಟ್ಟು ಸಾಲ ಎತ್ತಿದವು. 2001ರ ಕುಸಿತದಲ್ಲಿ ಸಂಬಳಕ್ಕೂ ಹಣವಿಲ್ಲದೆ ಬ್ಯೂನಸ್ ಐರಿಸ್ ಪ್ರಾಂತ್ಯ ‘ಪಟಕಾನ್’ ಎಂಬ ಸಾಲಪತ್ರಗಳನ್ನೇ ನೋಟಿನಂತೆ ಹಂಚಿತು.

ತನಗೆ ತಾನೇ ಕಟ್ಟಿಕೊಂಡ ಮಿತಿ

ಹೊರಗಿನವರು ಹೇಳುವ ಮೊದಲೇ ರಾಜ್ಯ ತನ್ನ ಶಾಸನಸಭೆಯಲ್ಲಿ ಕಾಯ್ದೆ ಮಾಡಿ ಮಿತಿ ಹಾಕಿಕೊಳ್ಳುವುದು ಎರಡನೆಯ ದಾರಿ. ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳಲ್ಲೂ ಸಮತೋಲಿತ ಬಜೆಟ್‌ನ ನಿಯಮವಿದೆ. ಭಾರತದಲ್ಲಿ ಕೇಂದ್ರಕ್ಕಿಂತ ಮುಂಚೆ, 2002ರಲ್ಲಿ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. ಕೇಂದ್ರದ ಕಾಯ್ದೆ ಬಂದದ್ದು 2003ರಲ್ಲಿ.

ಅಮೆರಿಕದ ನಿಯಮದಲ್ಲಿ ಗಮನಿಸಬೇಕಾದ ಒಂದು ಒಳ್ಳೆಯ ಅಂಶವಿದೆ. ಸಮತೋಲನದ ಕಟ್ಟು ಮುಖ್ಯವಾಗಿ ದಿನನಿತ್ಯದ ಆಡಳಿತ ವೆಚ್ಚಕ್ಕೆ ಅನ್ವಯಿಸುತ್ತದೆ. ಸೇತುವೆ, ಶಾಲಾ ಕಟ್ಟಡಗಳಿಗೆ ಬಾಂಡ್ ಮೂಲಕ ಸಾಲ ಎತ್ತಬಹುದು, ಹಲವೆಡೆ ಅದಕ್ಕೆ ಮತದಾರರ ಒಪ್ಪಿಗೆ ಬೇಕು. ಬಂಡವಾಳ ವೆಚ್ಚವನ್ನು ಕಾಪಾಡುವ ಮೂರನೆಯ ಪರೀಕ್ಷೆಯಲ್ಲಿ ಇದು ಚೆನ್ನಾಗಿ ಗೆಲ್ಲುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಅಷ್ಟೇ ಕೆಟ್ಟದಾಗಿ ಸೋಲುತ್ತದೆ. 2008ರ ಹಿಂಜರಿತದಲ್ಲಿ ವರಮಾನ ಕುಸಿದಾಗ ರಾಜ್ಯಗಳು ಜನರಿಗೆ ನೆರವು ಹೆಚ್ಚು ಬೇಕಿದ್ದ ಹೊತ್ತಿನಲ್ಲೇ ಶಿಕ್ಷಕರನ್ನು ಕೆಲಸದಿಂದ ತೆಗೆದವು, ಸೇವೆಗಳನ್ನು ಕಡಿತಗೊಳಿಸಿದವು. ಕೊನೆಗೆ 2009ರಲ್ಲಿ ಕೇಂದ್ರ ದೊಡ್ಡ ಮೊತ್ತದ ನೆರವು ಕೊಟ್ಟಿತು. ಹಾಗಾಗಿ ಈ ದಾರಿ ಹಿಡಿಯುವ ರಾಜ್ಯಕ್ಕೆ ಒಳ್ಳೆಯ ವರ್ಷಗಳಲ್ಲಿ ತುಂಬಿಸಿಡುವ ಆಪತ್ಕಾಲದ ನಿಧಿ ಇರಲೇಬೇಕು.

ಕಳ್ಳದಾರಿಯ ವಿಷಯಕ್ಕೆ ಬಂದರೆ ಇಲಿನಾಯ್ ರಾಜ್ಯವನ್ನು ನೋಡಿ. ಅದರ ಸಂವಿಧಾನದಲ್ಲಿ ಸಮತೋಲಿತ ಬಜೆಟ್‌ನ ನಿಯಮ ಇದೆ, ಆದರೂ ನೌಕರರ ಪಿಂಚಣಿ ನಿಧಿಗೆ ಕಟ್ಟಬೇಕಾದ ಹಣವನ್ನು ವರ್ಷಗಟ್ಟಲೆ ಕಡಿಮೆ ಕಟ್ಟಿ ಬೃಹತ್ ಹೊಣೆಯನ್ನು ಬೆಳೆಸಿಕೊಂಡಿತು. ಪಿಂಚಣಿ ಕಡಿತಗೊಳಿಸಿ ಅದನ್ನು ಸರಿಪಡಿಸಲು ತಂದ ಕಾನೂನನ್ನು 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ಮತ್ತೊಂದು ದೌರ್ಬಲ್ಯ ಬಾಯಿಬಿಟ್ಟು ಹೇಳಬೇಕಾದದ್ದು: ಶಾಸನಸಭೆ ಮಾಡಿದ ಮಿತಿಯನ್ನು ಅದೇ ಶಾಸನಸಭೆ ಸರಳ ಬಹುಮತದಿಂದ ಸಡಿಲಿಸಬಹುದು. ಮೊದಲಿನಿಂದಲೂ ಶಿಸ್ತಿರುವ ರಾಜ್ಯಕ್ಕೆ ಈ ಕಾಯ್ದೆ ಬಲ ಕೊಡುತ್ತದೆ. ಶಿಸ್ತಿಲ್ಲದ ರಾಜ್ಯಕ್ಕೆ ಶಿಸ್ತನ್ನು ತಂದುಕೊಡುವುದಿಲ್ಲ.

ಸಂವಿಧಾನದಲ್ಲೇ ಬರೆದಿಡುವ ದಾರಿ

ಬದಲಿಸಲು ಕಷ್ಟವಾಗಲೆಂದೇ ಮಿತಿಯನ್ನು ಸಂವಿಧಾನಕ್ಕೆ ಸೇರಿಸಿದ ಎರಡು ಒಕ್ಕೂಟಗಳು ಸ್ವಿಟ್ಜರ್‌ಲೆಂಡ್ ಮತ್ತು ಜರ್ಮನಿ. ಹೆಸರಿನಲ್ಲಿ ಎರಡೂ ‘ಸಾಲದ ತಡೆ’ಗಳೇ. ಬಾಳಿದ ರೀತಿ ಮಾತ್ರ ಬೇರೆ ಬೇರೆ.

ಸ್ವಿಸ್ ಮತದಾರರು 2001ರ ಜನಮತದಲ್ಲಿ ಸುಮಾರು ಶೇ 85ರಷ್ಟು ಬೆಂಬಲ ಕೊಟ್ಟು ಇದನ್ನು ಒಪ್ಪಿದರು. 2003ರಿಂದ ಜಾರಿಯಲ್ಲಿರುವ ಈ ನಿಯಮ ಕೊರತೆಗೆ ಬದಲು ವೆಚ್ಚವನ್ನು ಕಟ್ಟುತ್ತದೆ. ಆರ್ಥಿಕತೆ ಸಾಮಾನ್ಯ ಮಟ್ಟದಲ್ಲಿದ್ದರೆ ಬರುತ್ತಿದ್ದ ವರಮಾನ ಎಷ್ಟೋ ಅಷ್ಟೇ ಖರ್ಚಿಗೆ ಅವಕಾಶ. ಹಿಂಜರಿತದಲ್ಲಿ ಕೊರತೆಗೆ ತಾನಾಗಿಯೇ ಜಾಗ ಸಿಗುತ್ತದೆ, ಏರುಗಾಲದಲ್ಲಿ ಉಳಿತಾಯ ಕಡ್ಡಾಯವಾಗುತ್ತದೆ. ಅಂದಾಜು ತಪ್ಪಿ ಹೆಚ್ಚು ಖರ್ಚಾದದ್ದನ್ನು ಪ್ರತ್ಯೇಕ ಖಾತೆಯಲ್ಲಿ ಬರೆದಿಟ್ಟು ಮುಂದಿನ ವರ್ಷಗಳಲ್ಲಿ ಸರಿದೂಗಿಸಬೇಕು. ಕೊರೊನಾ ಬರುವ ಹೊತ್ತಿಗೆ ಅಲ್ಲಿನ ಕೇಂದ್ರದ ಸಾಲ ಒಟ್ಟಾರೆ ಇಳಿದಿತ್ತು. ಜನರೇ ಮತ ಹಾಕಿ ತಂದ ನಿಯಮ ಇದು. ಅಷ್ಟು ವರ್ಷ ಉಳಿದು ಬಂದದ್ದಕ್ಕೆ ಅದೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಜರ್ಮನಿಯ ಹಿನ್ನೆಲೆ ಬೇರೆ. ಅಲ್ಲಿನ ರಾಜ್ಯಗಳಿಗೆ ತೆರಿಗೆ ದರ ನಿಗದಿ ಮಾಡುವ ಸ್ವಾತಂತ್ರ್ಯ ಬಹಳ ಕಡಿಮೆ. ಬ್ರೆಮೆನ್ ಮತ್ತು ಸಾರ್‌ಲ್ಯಾಂಡ್ ರಾಜ್ಯಗಳು ಸಾಲದಲ್ಲಿ ಸಿಲುಕಿದಾಗ, ಒಕ್ಕೂಟದ ಉಳಿದವರು ನೆರವಾಗಬೇಕೆಂದು ಸಾಂವಿಧಾನಿಕ ನ್ಯಾಯಾಲಯ 1992ರಲ್ಲಿ ತೀರ್ಪು ಕೊಟ್ಟಿತು. 2006ರಲ್ಲಿ ಬರ್ಲಿನ್ ಅದೇ ವಾದ ಹಿಡಿದು ಹೋದಾಗ ನ್ಯಾಯಾಲಯ ಒಪ್ಪಲಿಲ್ಲ. ಮೂರು ವರ್ಷಗಳ ನಂತರ, 2009ರಲ್ಲಿ, ಸಂವಿಧಾನ ತಿದ್ದುಪಡಿಯಾಯಿತು: ಆರ್ಥಿಕತೆಯ ಏರಿಳಿತಗಳ ಪರಿಣಾಮವನ್ನು ಕಳೆದು ಉಳಿಯುವ ಕೊರತೆ ಕೇಂದ್ರಕ್ಕೆ ಜಿಡಿಪಿಯ ಶೇ 0.35 ಮೀರಬಾರದು, ರಾಜ್ಯಗಳಿಗೆ 2020ರಿಂದ ಸೊನ್ನೆ.

ಬೆಲೆ ತೆರಬೇಕಾದ ದಿನ ಬಂದದ್ದು 2023ರ ನವೆಂಬರ್‌ನಲ್ಲಿ. ಸಾಂಕ್ರಾಮಿಕದ ಕಾಲಕ್ಕೆಂದು ಪಡೆದ ಸಾಲದ ಅವಕಾಶದಲ್ಲಿ ಬಳಸದೆ ಉಳಿದ 60 ಶತಕೋಟಿ ಯೂರೋವನ್ನು ಹವಾಮಾನ ನಿಧಿಗೆ ತಿರುಗಿಸಿದ್ದು ಸಂವಿಧಾನಬಾಹಿರ ಎಂದು ನ್ಯಾಯಾಲಯ ಹೇಳಿತು. ಬಜೆಟ್‌ನ ಲೆಕ್ಕವೆಲ್ಲ ತಲೆಕೆಳಗಾಯಿತು. ಒಂದು ವರ್ಷದೊಳಗೆ, ಇದೇ ಜಗಳದಲ್ಲಿ, ಮೈತ್ರಿ ಸರ್ಕಾರವೇ ಮುರಿಯಿತು. 2025ರ ಮಾರ್ಚ್‌ನಲ್ಲಿ ಮತ್ತೆ ತಿದ್ದುಪಡಿ: ಜಿಡಿಪಿಯ ಶೇ 1ಕ್ಕಿಂತ ಹೆಚ್ಚಿನ ರಕ್ಷಣಾ ವೆಚ್ಚ ಮಿತಿಯಿಂದ ಹೊರಗೆ, ಮೂಲಸೌಕರ್ಯಕ್ಕೆ 500 ಶತಕೋಟಿ ಯೂರೋದ ವಿಶೇಷ ನಿಧಿ, ರಾಜ್ಯಗಳಿಗೂ ಒಟ್ಟಾಗಿ ಶೇ 0.35ರ ಅವಕಾಶ.

ಬಂಡವಾಳ ವೆಚ್ಚಕ್ಕೆ ಪ್ರತ್ಯೇಕ ಬಾಗಿಲು ಇಡದೆ ಸಂವಿಧಾನದಲ್ಲಿ ಬಿಗಿ ಅಂಕಿ ಬರೆದರೆ ಇದೇ ಗತಿ. ಜರ್ಮನಿಯ ಹಳೆಯ ಸೇತುವೆಗಳು, ರೈಲು ಮಾರ್ಗಗಳು ದುರಸ್ತಿಗೆ ಕಾದು ಕುಳಿತದ್ದರಲ್ಲಿ ಈ ನಿಯಮದ ಪಾಲು ಸಣ್ಣದಲ್ಲ ಎಂದು ವಾದಿಸುವವರ ಪಕ್ಷ ನನ್ನದು. ನಿಯಮದ ಪರವಾಗಿರುವವರು, ಹಣವಿತ್ತು, ಆದ್ಯತೆ ತಪ್ಪಾಗಿತ್ತು ಎನ್ನುತ್ತಾರೆ. ಅದರಲ್ಲೂ ನಿಜವಿದೆ. ಆದರೆ ಆದ್ಯತೆ ತಪ್ಪುವುದು ಮನುಷ್ಯ ಸಹಜವಾದ್ದರಿಂದಲೇ ನಿಯಮ ಬರೆಯುತ್ತೇವೆ. ಆ ನಿಯಮವೇ ತಪ್ಪಿನ ಕಡೆಗೆ ತಳ್ಳುವಂತಿದ್ದರೆ ದೂರಬೇಕಾದದ್ದು ನಿಯಮವನ್ನೇ.

ಕೇಂದ್ರದ ಅನುಮತಿ ಬೇಕೆನ್ನುವ ದಾರಿ

ಭಾರತದ ಸಂವಿಧಾನದ 292ನೇ ವಿಧಿ ಕೇಂದ್ರದ ಸಾಲದ ಅಧಿಕಾರವನ್ನು, 293ನೇ ವಿಧಿ ರಾಜ್ಯಗಳ ಸಾಲದ ಅಧಿಕಾರವನ್ನು ಹೇಳುತ್ತದೆ. 293ರ ಮೂರನೇ ಉಪವಿಧಿಯ ಪ್ರಕಾರ, ಕೇಂದ್ರದಿಂದ ಪಡೆದ ಅಥವಾ ಕೇಂದ್ರ ಖಾತರಿ ಕೊಟ್ಟ ಸಾಲ ಬಾಕಿಯಿರುವ ರಾಜ್ಯ ಹೊಸ ಸಾಲ ಎತ್ತಲು ಕೇಂದ್ರದ ಸಮ್ಮತಿ ಪಡೆಯಬೇಕು. ಆ ಬಾಕಿ ರಾಜ್ಯಗಳಿಗೆ ಇದ್ದೇ ಇರುವುದರಿಂದ ಸಮ್ಮತಿಯೂ ಬೇಕೇ ಬೇಕು. ಪ್ರತಿ ವರ್ಷ ಹಣಕಾಸು ಆಯೋಗದ ಶಿಫಾರಸಿನ ಆಧಾರದ ಮೇಲೆ ಸಾಲದ ಮಿತಿ ನಿಗದಿಯಾಗುತ್ತದೆ. ಸಾಮಾನ್ಯವಾಗಿ ಅದು ರಾಜ್ಯದ ಒಟ್ಟು ಉತ್ಪನ್ನದ ಶೇ 3ರ ಆಸುಪಾಸು. ಹದಿನೈದನೇ ಹಣಕಾಸು ಆಯೋಗ 2021–22ಕ್ಕೆ ಶೇ 4, ಮರುವರ್ಷಕ್ಕೆ ಶೇ 3.5, ಆಮೇಲೆ ಶೇ 3 ಎಂದಿತು. ವಿದ್ಯುತ್ ವಲಯದ ಸುಧಾರಣೆ ಮಾಡಿದರೆ ಇನ್ನೂ ಶೇ 0.5 ಎಂದೂ ಸೇರಿಸಿತು.

ಈ ದಾರಿಯ ಫಲವನ್ನು ಅಲ್ಲಗಳೆಯಬಾರದು. ಭಾರತದ ರಾಜ್ಯಗಳು ಅರ್ಜೆಂಟೀನಾದ ಪ್ರಾಂತ್ಯಗಳಂತೆ ಬೀದಿಗೆ ಬರಲಿಲ್ಲ. ಹನ್ನೆರಡನೇ ಹಣಕಾಸು ಆಯೋಗ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯಗಳಿಗೆ ಸಾಲ ಪರಿಹಾರ ಕೊಡಿಸಿದ್ದು ಒಳ್ಳೆಯ ಉಪಾಯವಾಗಿ ಕೆಲಸ ಮಾಡಿತು. ರಾಜ್ಯಗಳು ಹಿಂದೆ ಬೀಳದೆ ಕಾಯ್ದೆ ತಂದವು. ಬಡ ರಾಜ್ಯಕ್ಕೂ ಸಿರಿವಂತ ರಾಜ್ಯಕ್ಕೂ ಹೆಚ್ಚು ಕಡಿಮೆ ಒಂದೇ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಹಿಂದುಳಿದ ರಾಜ್ಯದ ದೃಷ್ಟಿಯಿಂದ ಇದು ದೊಡ್ಡ ಅನುಕೂಲ.

ಆದರೆ ಅದೇ ಅನುಕೂಲದಲ್ಲಿ ಕುಂದೂ ಅಡಗಿದೆ. ಬಡ್ಡಿಯಲ್ಲಿ ವ್ಯತ್ಯಾಸವಿಲ್ಲವೆಂದರೆ ಶಿಸ್ತಿಗೆ ಬಹುಮಾನವೂ ಇಲ್ಲ, ಅಶಿಸ್ತಿಗೆ ದಂಡವೂ ಇಲ್ಲ. ಜಾಮೀನುದಾರ ಹಿಂದೆ ಇದ್ದಾನೆಂದು ಬಾಂಡ್ ಕೊಳ್ಳುವವರು ನಂಬಿದ್ದಾರೆ. ಜೊತೆಗೆ, ಅನುಮತಿ ಬೇಕಾದಲ್ಲಿ ಅನುಮತಿ ತಪ್ಪಿಸುವ ದಾರಿಯೂ ಹುಟ್ಟುತ್ತದೆ. ರಾಜ್ಯ ಸರ್ಕಾರದ ನಿಗಮಗಳು ಸಾಲ ಎತ್ತಿ ಬಜೆಟ್‌ನಿಂದ ತೀರಿಸುವುದು ಹೆಚ್ಚಾದಾಗ, 2022ರಿಂದ ಕೇಂದ್ರ ಅಂತಹ ಸಾಲವನ್ನೂ ರಾಜ್ಯದ ಮಿತಿಯೊಳಗೆ ಲೆಕ್ಕ ಹಾಕತೊಡಗಿತು. ಕೇರಳ ಇದನ್ನು ಪ್ರಶ್ನಿಸಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ವಿಷಯವನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಲೆಕ್ಕ ಮುಚ್ಚಿಡಬಾರದೆಂಬ ಕೇಂದ್ರದ ವಾದ ಸರಿ ಎಂದೇ ನನ್ನ ನಿಲುವು. ಆದರೆ ಅಳತೆ ಎಲ್ಲರಿಗೂ ಒಂದೇ ಆಗಿರಬೇಕು.

ಈ ದಾರಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಅಸಮತೆಯೇ. ಅನುಮತಿ ಕೊಡುವವರಿಗೆ ಅನುಮತಿ ಕೊಡುವವರು ಯಾರೂ ಇಲ್ಲ. ಕೇಂದ್ರದ 2003ರ ಕಾಯ್ದೆಯಲ್ಲಿ ವಿತ್ತೀಯ ಕೊರತೆಯ ಗುರಿ ಜಿಡಿಪಿಯ ಶೇ 3. ಅದರ ಕೊರತೆ 2007–08ರಲ್ಲಿ ಸುಮಾರು ಶೇ 2.5ಕ್ಕೆ ಇಳಿದದ್ದು ಮರುವರ್ಷವೇ ಶೇ 6ಕ್ಕೆ ಜಿಗಿಯಿತು, 2020–21ರಲ್ಲಿ ಶೇ 9.2 ಮುಟ್ಟಿತು. ಗುರಿಯ ವರ್ಷವನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಬಿಕ್ಕಟ್ಟಿನ ವರ್ಷಗಳಲ್ಲಿ ಹೆಚ್ಚು ಸಾಲ ಮಾಡಿದ್ದು ತಪ್ಪಲ್ಲ, ಮಾಡಲೇಬೇಕಿತ್ತು. ಆದರೆ ರಾಜ್ಯಕ್ಕೆ ಮಿತಿ ಹೇಳುವ ಕೈಗೆ ತನ್ನ ಮಿತಿ ನೆನಪಿಸುವ ಸಂಸ್ಥೆ ಬೇಕು. ಆ ಕಾಯ್ದೆಯನ್ನು ಪರಿಶೀಲಿಸಲು ನೇಮಿಸಿದ ಎನ್.ಕೆ. ಸಿಂಗ್ ಸಮಿತಿ 2017ರಲ್ಲಿ ಸ್ವತಂತ್ರ ವಿತ್ತೀಯ ಮಂಡಳಿಯೊಂದನ್ನು ಶಿಫಾರಸು ಮಾಡಿತು, ಅದು ಇನ್ನೂ ರೂಪುಗೊಂಡಿಲ್ಲ. ಅದಕ್ಕೂ ಮೇಲೆ, ಕೇಂದ್ರ ವಿಧಿಸುವ ಸೆಸ್ ಮತ್ತು ಸರ್ಚಾರ್ಜ್‌ಗಳಲ್ಲಿ ರಾಜ್ಯಗಳಿಗೆ ಪಾಲಿಲ್ಲ. ವರಮಾನ ಹಂಚದೆ ಸಾಲಕ್ಕೆ ಮಾತ್ರ ಮಿತಿ ಹಾಕಿದರೆ ರಾಜ್ಯ ಎರಡೂ ಕಡೆಯಿಂದ ಇಕ್ಕಟ್ಟಿಗೆ ಸಿಲುಕುತ್ತದೆ.

ಬ್ರೆಜಿಲ್ ಇದೇ ದಾರಿಯನ್ನು ಇನ್ನೂ ಬಿಗಿಯಾಗಿ ಹಿಡಿಯಿತು. 1989, 1993, 1997ರಲ್ಲಿ ಮೂರು ಸಲ ರಾಜ್ಯಗಳ ಸಾಲವನ್ನು ಕೇಂದ್ರ ಹೊತ್ತ ಮೇಲೂ 1999ರ ಜನವರಿಯಲ್ಲಿ ಮಿನಾಸ್ ಜೆರೈಸ್ ರಾಜ್ಯ ಕೇಂದ್ರಕ್ಕೆ ಕಂತು ಕಟ್ಟುವುದಿಲ್ಲವೆಂದಿತು. ಮರುವರ್ಷ ಬಂದ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜ್ಯಗಳ ಸಿಬ್ಬಂದಿ ವೆಚ್ಚ ನಿವ್ವಳ ವರಮಾನದ ಶೇ 60 ದಾಟಬಾರದೆಂದಿತು, ಒಂದು ಸರ್ಕಾರ ಇನ್ನೊಂದಕ್ಕೆ ಸಾಲ ಕೊಡುವುದನ್ನೂ ನಿಷೇಧಿಸಿತು. ಕೆಲವು ರಾಜ್ಯಗಳು ಪಿಂಚಣಿಯನ್ನು ಸಿಬ್ಬಂದಿ ವೆಚ್ಚದ ಲೆಕ್ಕದಿಂದ ಹೊರಗಿಟ್ಟು ಮಿತಿಯನ್ನು ಪೊಳ್ಳುಮಾಡಿದವು. 2016ರಲ್ಲಿ ರಿಯೊ ಡಿ ಜನೈರೊ ರಾಜ್ಯ ಹಣಕಾಸಿನ ವಿಪತ್ತು ಘೋಷಿಸಿತು, 2017ರಲ್ಲಿ ಮತ್ತೊಂದು ರಕ್ಷಣಾ ಕಾನೂನು ಬಂತು. ಮೂರು ಸಲ ಕಟ್ಟಿದ ಕೇಂದ್ರ ನಾಲ್ಕನೆಯ ಸಲವೂ ಕಟ್ಟುತ್ತದೆಂಬ ನಂಬಿಕೆಯನ್ನು ಕಾಯ್ದೆಯ ಅಕ್ಷರಗಳು ಅಳಿಸಲಾರದೆ ಹೋದವು.

ಒಟ್ಟಿಗೆ ಕುಳಿತು ನಿರ್ಧರಿಸುವ ದಾರಿ

ಆಸ್ಟ್ರೇಲಿಯಾ 1927ರ ಒಪ್ಪಂದದಿಂದ ಸಾಲ ಮಂಡಳಿಯೊಂದನ್ನು ನೆಲೆಗೊಳಿಸಿತು. ಕೇಂದ್ರ ಮತ್ತು ರಾಜ್ಯಗಳು ಸೇರಿ ಎಲ್ಲರ ಸಾಲದ ಪ್ರಮಾಣ ನಿರ್ಧರಿಸಬೇಕೆಂಬುದು ಉದ್ದೇಶ. 1928ರ ಜನಮತ ಅದಕ್ಕೆ ಸಂವಿಧಾನದ ಬಲ ಕೊಟ್ಟಿತು. ಆದರೆ 1931ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಮುಖ್ಯಸ್ಥ (ಪ್ರೀಮಿಯರ್) ಜ್ಯಾಕ್ ಲ್ಯಾಂಗ್ ಲಂಡನ್ನಿನ ಬಾಂಡ್‌ದಾರರಿಗೆ ಬಡ್ಡಿ ಕಟ್ಟದೆ ಹೋದಾಗ ಕೇಂದ್ರವೇ ಕಟ್ಟಿ ರಾಜ್ಯದಿಂದ ವಸೂಲಿಗೆ ಇಳಿಯಿತು. ಆ ಜಗಳ 1932ರಲ್ಲಿ ರಾಜ್ಯಪಾಲರು ಲ್ಯಾಂಗ್ ಸರ್ಕಾರವನ್ನು ವಜಾ ಮಾಡುವವರೆಗೂ ಹೋಯಿತು. ಕಾಲಕ್ರಮದಲ್ಲಿ ಮಂಡಳಿಯ ಬಿಗಿ ಸಡಿಲವಾಯಿತು, ಲೆಕ್ಕವನ್ನು ಬಹಿರಂಗಪಡಿಸುವ ವೇದಿಕೆಯಾಗಿ ಉಳಿಯಿತು. ರಾಜ್ಯಗಳ ಸಂಖ್ಯೆ ಕಡಿಮೆಯಿದ್ದು ಪರಸ್ಪರ ವಿಶ್ವಾಸವಿದ್ದರೆ ಇದು ಗೌರವದ ದಾರಿ. ಇಪ್ಪತ್ತು, ಮೂವತ್ತು ರಾಜ್ಯಗಳಿರುವಲ್ಲಿ ಚೌಕಾಸಿಯೇ ಮುಗಿಯುವುದಿಲ್ಲ.

ಯಾವ ಅಂಕಿಯನ್ನು ಕಟ್ಟಬೇಕು?

ದಾರಿ ಯಾವುದೇ ಇರಲಿ, ಮಿತಿಯನ್ನು ಯಾವುದಕ್ಕೆ ಹಾಕಬೇಕೆಂಬ ಪ್ರಶ್ನೆ ಉಳಿಯುತ್ತದೆ. ವಾರ್ಷಿಕ ಕೊರತೆಯನ್ನು ಅಳೆಯುವುದು ಸುಲಭ, ಆದರೆ ಕೆಟ್ಟ ವರ್ಷದಲ್ಲಿ ಉಸಿರು ಕಟ್ಟಿಸುತ್ತದೆ. ಒಟ್ಟು ಸಾಲ ದೀರ್ಘಕಾಲದ ಚಿತ್ರ ಕೊಡುತ್ತದೆ, ಆದರೆ ಈ ವರ್ಷದ ಬಜೆಟ್ ಬರೆಯುವವರಿಗೆ ದಿನನಿತ್ಯದ ಕಟ್ಟಾಗುವುದಿಲ್ಲ. ಭಾರತದ ಕೇಂದ್ರ ಸರ್ಕಾರ 2026–27ರಿಂದ ಕೊರತೆಯ ಬದಲು ಸಾಲದ ಅನುಪಾತವನ್ನೇ ಗುರಿಯಾಗಿ ಹಿಡಿಯಲು ತೀರ್ಮಾನಿಸಿದೆ: 2031ರ ಮಾರ್ಚ್ ಅಂತ್ಯಕ್ಕೆ ಜಿಡಿಪಿಯ ಶೇ 50ರ ಸುಮಾರಿಗೆ ತರುವುದು. ವೆಚ್ಚವನ್ನು ಕಟ್ಟುವ ಸ್ವಿಸ್ ರೀತಿ ಸರ್ಕಾರದ ಕೈಯಲ್ಲಿರುವುದನ್ನೇ ಕಟ್ಟುವುದರಿಂದ ನನಗೆ ಹೆಚ್ಚು ಹಿಡಿಸುತ್ತದೆ. ಅದಕ್ಕೆ ವರಮಾನದ ನಂಬಲರ್ಹ ಅಂದಾಜು ಬೇಕು, ಆ ಅಂದಾಜನ್ನು ಸರ್ಕಾರವೇ ಮಾಡಿಕೊಳ್ಳಬಾರದು.

ಇಲ್ಲಿ ಒಂದು ಸಣ್ಣ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ಬೆಲೆ ಏರಿಕೆಯೂ ಸೇರಿದಂತೆ ಆರ್ಥಿಕತೆ ವರ್ಷಕ್ಕೆ ಶೇ 10ರಷ್ಟು ಬೆಳೆಯುತ್ತಿದ್ದು, ಕೊರತೆ ಸದಾ ಶೇ 3 ಇದ್ದರೆ, ಸಾಲದ ಅನುಪಾತ ಕಾಲಾಂತರದಲ್ಲಿ ಶೇ 33ಕ್ಕೆ ಬಂದು ನಿಲ್ಲುತ್ತದೆ. ಬೆಳವಣಿಗೆ ಶೇ 5ಕ್ಕೆ ಇಳಿದರೆ ಅದೇ ಕೊರತೆ ಸಾಲವನ್ನು ಶೇ 63ಕ್ಕೆ ಕೊಂಡೊಯ್ಯುತ್ತದೆ. ಕರ್ನಾಟಕದ ಕಾಯ್ದೆಯಲ್ಲಿ ಕೊರತೆಗೆ ಶೇ 3, ಒಟ್ಟು ಹೊಣೆಗಳಿಗೆ ಶೇ 25 ಎಂಬ ಎರಡು ಮಿತಿಗಳಿವೆ. ಪ್ರತಿ ವರ್ಷ ಶೇ 3ರ ಕೊರತೆಯನ್ನೇ ಮಾಡುತ್ತ ಹೋಗಿಯೂ ಸಾಲ ಶೇ 25 ದಾಟದಿರಬೇಕಾದರೆ ಬೆಳವಣಿಗೆ ವರ್ಷಕ್ಕೆ ಸುಮಾರು ಶೇ 13.6 ಇರಬೇಕು. ಬೆಳವಣಿಗೆ ಅಷ್ಟಿಲ್ಲದ ವರ್ಷಗಳಲ್ಲಿ ಶೇ 3ರೊಳಗೆ ಇದ್ದೇವೆಂಬ ಹೇಳಿಕೆ ಮಾತ್ರ ಕೇಳಿ ಸಮಾಧಾನಪಡಬಾರದು.

ಯಾರಿಗೆ ಯಾವುದು?

ನಿಮ್ಮ ಒಕ್ಕೂಟದಲ್ಲಿ ರಾಜ್ಯಗಳಿಗೆ ಸ್ವಂತ ತೆರಿಗೆಯ ದೊಡ್ಡ ಬುನಾದಿಯಿದ್ದು, ಕೇಂದ್ರ ಒಮ್ಮೆಯಾದರೂ ‘ಕಟ್ಟುವುದಿಲ್ಲ’ ಎಂದು ನಿಂತು ತೋರಿಸಿದ್ದರೆ, ಮಾರುಕಟ್ಟೆ ಮತ್ತು ಸ್ವಯಂ ಕಾಯ್ದೆ ಎರಡನ್ನೂ ಜೋಡಿಸಿ. ಅನುಮತಿಯ ವ್ಯವಸ್ಥೆ ಅಲ್ಲಿ ಅನಗತ್ಯ ಹೊರೆ. ಆಪತ್ಕಾಲದ ನಿಧಿಯನ್ನು ಮಾತ್ರ ಕಾಯ್ದೆಯಲ್ಲೇ ಕಡ್ಡಾಯ ಮಾಡಿ.

ವರಮಾನದ ಅರ್ಧದಷ್ಟು ಕೇಂದ್ರದ ಪಾಲಿನಿಂದಲೇ ಬರುವ ಹಿಂದುಳಿದ ರಾಜ್ಯವಾದರೆ ಮಾರುಕಟ್ಟೆ ಅದಕ್ಕೆ ದುಬಾರಿ ಬಡ್ಡಿ ಹಾಕಿ ಇನ್ನಷ್ಟು ಹಿಂದೆ ತಳ್ಳುತ್ತದೆ. ಅಂತಹ ರಾಜ್ಯಕ್ಕೆ ಸಮ್ಮತಿಯ ವ್ಯವಸ್ಥೆ ಒಳ್ಳೆಯದೇ, ಆದರೆ ಸಮ್ಮತಿಯ ಸೂತ್ರ ಐದು ವರ್ಷಕ್ಕೆ ಮೊದಲೇ ಪ್ರಕಟವಾಗಿರಬೇಕು. ವರ್ಷದ ನಡುವೆ ಮಿತಿ ಬದಲಾದರೆ ಅರ್ಧ ಕಟ್ಟಿದ ಆಸ್ಪತ್ರೆ ಅರ್ಧಕ್ಕೇ ನಿಲ್ಲುತ್ತದೆ. ಬಂಡವಾಳ ವೆಚ್ಚಕ್ಕೆ ಭಾರತದ ಕೇಂದ್ರ 2020–21ರಿಂದ ಕೊಡುತ್ತಿರುವ 50 ವರ್ಷಗಳ ಬಡ್ಡಿರಹಿತ ಸಾಲ ಇಂತಹ ರಾಜ್ಯಗಳಿಗೆ ಆಸರೆಯೇ. ಅದಕ್ಕೆ ಅಂಟಿಸುವ ಷರತ್ತುಗಳು ಹೆಚ್ಚಿದಷ್ಟೂ ಆದ್ಯತೆ ರಾಜ್ಯದ ಕೈಯಿಂದ ಜಾರುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪದೇ ಪದೇ ಸಾಲ ಮನ್ನಾ ನಡೆದಿರುವ ಒಕ್ಕೂಟದಲ್ಲಿ ಹೊಸ ಕಾಯ್ದೆ ಬರೆಯುವ ಮೊದಲು, ಸಾಲ ತೀರಿಸಲಾಗದ ರಾಜ್ಯವನ್ನು ನಿಭಾಯಿಸುವ ಕ್ರಮವನ್ನು ಬರೆದಿಡಬೇಕು: ಸಾಲ ಕೊಟ್ಟವರು ಎಷ್ಟು ನಷ್ಟ ಹೊರಬೇಕು, ಯಾವ ಸೇವೆಗಳು ನಿಲ್ಲಬಾರದು, ಎಷ್ಟು ವರ್ಷ ಮೇಲ್ವಿಚಾರಣೆ. ಅದಿಲ್ಲದೆ ಸಂವಿಧಾನ ತಿದ್ದಿದರೂ ಬ್ರೆಜಿಲ್‌ನ ಕಥೆಯೇ ಮರುಕಳಿಸುತ್ತದೆ. ರಸ್ತೆ, ನೀರು, ವಿದ್ಯುತ್ತಿಗೆ ಇನ್ನೂ ಹಣ ಹೂಡಬೇಕಾದ ಯುವ ದೇಶಕ್ಕೆ ಜರ್ಮನಿಯಂತಹ ಸೊನ್ನೆಯ ಮಿತಿ ಬೇಡವೇ ಬೇಡ. ಅಲ್ಲಿ ರಾಜಸ್ವ ಕೊರತೆಗೆ ಸೊನ್ನೆಯ ಕಟ್ಟು ಹಾಕಿ, ಬಂಡವಾಳಕ್ಕೆ ಸಾಲದ ಬಾಗಿಲು ತೆರೆದಿಡುವುದು ಸರಿ. ಜನಸಂಖ್ಯೆಗೆ ವಯಸ್ಸಾಗುತ್ತಿರುವ ರಾಜ್ಯದಲ್ಲಾದರೆ ಪಿಂಚಣಿಯ ಹೊಣೆಯನ್ನು ಸಾಲದ ಲೆಕ್ಕಕ್ಕೆ ಸೇರಿಸದ ಯಾವ ಮಿತಿಯೂ ಉಪಯೋಗಕ್ಕೆ ಬಾರದು.

ಈಗಾಗಲೇ ಅನುಮತಿಯ ದಾರಿಯಲ್ಲಿರುವ, ರಾಜ್ಯಗಳ ನಡುವೆ ದೊಡ್ಡ ಅಂತರವಿರುವ ಒಕ್ಕೂಟ ಅದನ್ನು ಒಮ್ಮೆಗೇ ಕಿತ್ತುಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಮೊದಲು ಎರಡೂ ಮಟ್ಟದ ಸರ್ಕಾರಗಳ ಲೆಕ್ಕವನ್ನು ಒಂದೇ ಅಳತೆಯಲ್ಲಿ ಪರಿಶೀಲಿಸಿ ಪ್ರಕಟಿಸುವ ಸ್ವತಂತ್ರ ಮಂಡಳಿ ಬರಲಿ. ಅದರ ಸದಸ್ಯರಲ್ಲಿ ಅರ್ಧದಷ್ಟನ್ನಾದರೂ ರಾಜ್ಯಗಳು ಸೂಚಿಸಲಿ. ಆಮೇಲೆ, ಸತತವಾಗಿ ರಾಜಸ್ವ ಉಳಿಕೆ ತೋರಿಸಿದ ರಾಜ್ಯಗಳನ್ನು ಬಂಡವಾಳ ವೆಚ್ಚದ ಸಾಲದ ಮಟ್ಟಿಗೆ ಅನುಮತಿಯಿಂದ ಬಿಡುಗಡೆ ಮಾಡಬಹುದು. ಕೊನೆಯದಾಗಿ, ಹಾಗೆ ಬಿಡುಗಡೆಯಾದ ರಾಜ್ಯದ ಹೊಸ ಸಾಲಕ್ಕೆ ಕೇಂದ್ರದ ಖಾತರಿ ಇಲ್ಲವೆಂದು ಬಾಂಡಿನ ಷರತ್ತಿನಲ್ಲೇ ಬರೆಯಬೇಕು. ಈ ಕ್ರಮವನ್ನು ತಿರುಗಿಸಿ, ಲೆಕ್ಕ ಸರಿಯಾಗುವ ಮೊದಲೇ ಬಿಡುಗಡೆ ಕೊಟ್ಟರೆ ಅರ್ಜೆಂಟೀನಾ ನಡೆದ ದಾರಿಯಲ್ಲೇ ನಡೆಯಬೇಕಾಗುತ್ತದೆ.